ಎಸ್ತರವ್ವನ ಪೆಟ್ಟಿಗೆ

ಎಷ್ಟು ವರ್ಷವಾಯಿತೆಂದು ನನ್ನನ್ನು ಕೇಳಬೇಡಿ. ಬಹಳ ಹಿಂದೆ, ಗದಗದ ಆಚೆ ಒಂದು ಊರು. ಆ ಊರಲ್ಲಿ ಎಸ್ತರವ್ವ ಎಂಬ ಹೆಂಗಸು ಇದ್ದಳಂತೆ. ಗಿಟಾರಿಗೆ ದನಿ ಕೊಡುವ ಆಂಪ್ಲಿಫೈಯರ್ ಪೆಟ್ಟಿಗೆ ಕಟ್ಟುವುದು ಅವಳ ಕಸುಬು. ಹಳೇ ರೇಡಿಯೋ ಬಿಚ್ಚಿ ಗಾಜಿನ ವಾಲ್ವ್ ತೆಗೆಯುತ್ತಿದ್ದಳು, ತೇಗದ ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದಳು. ವಾಲ್ವನ್ನು ಉಗುರಿನಿಂದ ತಟ್ಟಿ, ಇದರ ಆಯುಷ್ಯ ಇಷ್ಟೇ ಎಂದು ಹೇಳುತ್ತಿದ್ದಳಂತೆ. ಕರೆಂಟು ಹೋದರೂ ಅವಳ ಪೆಟ್ಟಿಗೆ ಅರ್ಧ ಸಾಲು ಹಾಡಿ ಆಮೇಲೆ ಸುಮ್ಮನಾಗುತ್ತಿತ್ತಂತೆ. ನಾನು ಕಂಡಿದ್ದಲ್ಲ. ನೀವು ನಂಬದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ.

ಆ ಸೀಮೆಯ ಮದುವೆಗಳಿಗೆಲ್ಲ ಮಲ್ಹಾರಿ ಮಾಸ್ತರರ ಆರ್ಕೆಸ್ಟ್ರಾ. ಅದರಲ್ಲಿ ಗಿಟಾರ್ ಬಾರಿಸುವವನು ಜೀವರತ್ನ. ಅವನಿಗೆ ಎಸ್ತರವ್ವನ ಪೆಟ್ಟಿಗೆಯೇ ಬೇಕು. ಹೀಗಿರುವಾಗ ಮಾಸ್ತರರು ಪೇಟೆಯಿಂದ ವಾಲ್ವ್ ಇಲ್ಲದ ಹೊಸ ಟ್ರಾನ್ಸಿಸ್ಟರ್ ಪೆಟ್ಟಿಗೆ ತಂದರು. ಒಬ್ಬನೇ ಎತ್ತಬಹುದು, ಗಾಜು ಒಡೆಯುವ ಭಯವಿಲ್ಲ, ಇನ್ನು ಅವ್ವನ ಭಾರ ಹೊರುವುದು ಸಾಕು ಎಂದರಂತೆ. ಊರಿಗೆಲ್ಲ ಸಿಟ್ಟು ಬಂತು. ಎಸ್ತರವ್ವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಮಾಸ್ತರರು ಬಿಟ್ಟರೆ ಅವಳ ಪೆಟ್ಟಿಗೆ ಕೇಳುವವರೂ ಇರಲಿಲ್ಲ. ಕೊನೆಗೆ ಪಂಥ ಕಟ್ಟಿದರು. ಎರಡೂ ಪೆಟ್ಟಿಗೆ ಪರದೆಯ ಹಿಂದೆ ಇಡುವುದು, ಜೀವರತ್ನ ಬಾರಿಸುವುದು, ಅವ್ವನದು ಯಾವುದೆಂದು ಜನ ಹೇಳುವುದು. ಹೇಳಲು ಬಾರದಿದ್ದರೆ ಹೊಸದೇ ಸೈ.

ಮಿಷನ್ ಶಾಲೆಯ ಹಾಲ್ ತುಂಬಿತಂತೆ. ಜೀವರತ್ನ ಹೆಣ್ಣು ಒಪ್ಪಿಸುವ ಹಾಡನ್ನು ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಸಲ ಬಾರಿಸಿದ. ಅವ್ವನ ಮಾನ ತನ್ನ ಕೈಯಲ್ಲಿದೆ ಎಂದು ಹೆದರಿ, ಬಹಳ ಮೆತ್ತಗೆ ಬಾರಿಸಿದ. ಎರಡನೆಯದು ಮುಗಿಯುತ್ತಲೇ ಜನ ಎದ್ದು, ಇದೇ ನಮ್ಮವ್ವನದು, ಆ ಸಿಹಿ ಕೇಳಿ, ಎಂದು ಚಪ್ಪಾಳೆ ಹೊಡೆದರು. ಪರದೆ ಸರಿಸಿದರೆ ವೈರು ಹೊಸ ಪೆಟ್ಟಿಗೆಗೆ ಹೋಗಿತ್ತು. ದೊಡ್ಡ ರಸಿಕರು! ಮುಖ ಹುಳ್ಳಗೆ ಮಾಡಿಕೊಂಡು ಕೂತರು.

ಮಾಸ್ತರರು ನಗುತ್ತ ಅವಳನ್ನೇ ಕೇಳಿದರು: "ನಿನಗರ ಗೊತ್ತಾತೇನವ್ವಾ?"

"ಇಲ್ರೀ ಮಾಸ್ತರ, ನನಗೂ ಗೊತ್ತಾಗಲಿಲ್ಲ," ಎಂದಳಂತೆ.

ಆ ಒಂದು ಮಾತಿಗೇ ನನಗೆ ಅವಳ ಮೇಲೆ ಪ್ರೀತಿ. ಕಸುಬು ಕೈಬಿಟ್ಟು ಹೋಗುತ್ತಿದ್ದರೂ ಸುಳ್ಳು ಹೇಳಲಿಲ್ಲ ನೋಡಿ.

ಆಮೇಲೆ ಜೀವರತ್ನನ ಕಡೆ ತಿರುಗಿದಳು. "ಹೆದರಿಕೋತ ಬಾರಿಸಿದಿ. ಹಂಗ ಬಾರಿಸಿದ್ರ ಎರಡೂ ಒಂದ. ದನಿ ಪೂರ್ತಿ ಏರಿಸು. ನಿನ್ನ ಮಗಳನ್ನ ಕಳಸಾಕತ್ತಿ ಅಂತ ತಿಳಕೊಂಡು ಬಾರಿಸು."

ಅವನು ಏರಿಸಿದ. ಹೊಸ ಪೆಟ್ಟಿಗೆ ಬಹಳ ಏರುವವರೆಗೂ ಸ್ವಚ್ಛವಾಗಿಯೇ ಹಾಡಿತು, ಒಂದೊಂದು ತಂತಿಯೂ ಬೇರೆ ಬೇರೆ ಕೇಳಿತು. ಅಳತೆ ಮೀರಿದ್ದೇ ತಡ, ತಗಡು ಹರಿದ ಹಾಗೆ ಕಿರುಚಿತು. ಅವ್ವನ ಪೆಟ್ಟಿಗೆ ಹಾಗಲ್ಲ. ಏರಿಸಿದಷ್ಟೂ ದನಿ ಸ್ವಲ್ಪ ಸ್ವಲ್ಪವೇ ಒರಟಾಯಿತು, ದಪ್ಪವಾಯಿತು, ಮೀಟಿದ ಸ್ವರ ಸಾಯದೆ ನಿಂತಿತು. ಅಳು ತಡೆದುಕೊಂಡು ಮಾತಾಡುವವರ ಗಂಟಲಿನ ಹಾಗೆ ಒಡೆಯಿತಂತೆ. ಮಾಸ್ತರರು ಮಗಳನ್ನು ಗಂಡನ ಮನೆಗೆ ಕಳಿಸಿ ತಿಂಗಳಾಗಿರಲಿಲ್ಲ. ಎಲ್ಲರೆದುರೇ ಅತ್ತುಬಿಟ್ಟರು.

ಮೆರವಣಿಗೆಯ ಕುಣಿತಕ್ಕೆ ಹೊಸದೇ ಇರಲಿ, ಅದು ಚುರುಕು, ಒಪ್ಪಿಸುವ ಹಾಡಿಗೆ ಮಾತ್ರ ನನ್ನದು ಹೊರಿಸಿ, ಎಂದಳಂತೆ ಎಸ್ತರವ್ವ. ಮಾಸ್ತರರು ಕಣ್ಣೊರೆಸಿಕೊಂಡು ಒಪ್ಪಿದರು. ಕೈ ನಡೆಯುವವರೆಗೂ ಅವಳು ಪೆಟ್ಟಿಗೆ ಕಟ್ಟಿದಳಂತೆ.

ಈಗ ಉಳಿದಿರುವುದು ಒಂದೇ ಪೆಟ್ಟಿಗೆ. ಯಾವ ಜಾತಿಯವರ ಮದುವೆಯಿರಲಿ, ಹೆಣ್ಣು ಒಪ್ಪಿಸುವ ಹೊತ್ತಿಗೆ ಅದನ್ನು ಕೈಗಾಡಿಯಲ್ಲಿ ತರುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಅದು ಹಾಡುವುದಿಲ್ಲ, ವಾಲ್ವ್ ಬಿಸಿಯಾಗಬೇಕು. ಅಲ್ಲಿಯವರೆಗೆ ಹುಡುಗಿ ತಾಯಿಯ ಪಕ್ಕದಲ್ಲಿ ಕೂತಿರುತ್ತಾಳೆ. ಬಸ್ಸಿಗೆ ಹೊತ್ತಾಯಿತೆಂದು ಬೀಗರು ಚಡಪಡಿಸುತ್ತಾರೆ. ಪೆಟ್ಟಿಗೆ ಆಗಲೇ ಬಿಸಿಯಾಗಿರುತ್ತದೆ. ಗಿಟಾರಿನವನು ಆ ತಾಯಿಯ ಮುಖ ನೋಡುತ್ತಾನೆ, ನೋಡಿ, "ಇನ್ನೂ ಬಿಸಿ ಆಗಿಲ್ರೀ," ಎನ್ನುತ್ತಾನೆ.