ಅರ್ಧಕ್ಕೆ ನಿಂತ ಕತೆಗೆ ಅರಸ ಹೂಂಗುಟ್ಟಿದ್ದು

“ಕೇಳ್ರಪ್ಪೋ ಕೇಳ್ರಿ! ನಮ್ಮ ಮಲ್ಲಿದೇವ ಅರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಕತೆಗಾರ ಸಾತಪ್ಪನ ತಲೆಯ ಜೊತೆಗೇ ಉರುಳುತ್ತದೆ!”

ಡಂಗುರದವನು ಹೀಗೆ ಸಾರುತ್ತ ಹೋದಾಗ ಸಾತಪ್ಪನ ಮಗಳು ಗಿರವ್ವ ಅಪ್ಪನಿಗೆ ರೊಟ್ಟಿ ತಂದು ಸೆರೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಾವಲುಗಾರ ರೊಟ್ಟಿ ಇಸಿದುಕೊಂಡ, ಅವಳನ್ನು ಒಳಗೆ ಬಿಡಲಿಲ್ಲ. ಸಾತಪ್ಪ ಮಾಡಿದ ತಪ್ಪೆಂದರೆ ಅರಮನೆಯಲ್ಲಿ ಒಬ್ಬ ವೀರನ ಕತೆ ಹೇಳಿದ್ದು. ಅದನ್ನು ಕೇಳಿ ಅರಸನ ಒಬ್ಬನೇ ಮಗ ಸೋಯಿದೇವ ಉಬ್ಬಿಹೋಗಿ ಗಡಿಯ ಕಾಳಗಕ್ಕೆ ನಡೆದ, ಹೆಣವಾಗಿ ಬಂದ. ಅಂದಿನಿಂದ ಅರಸ ಕಲ್ಲಿನಂತಾಗಿದ್ದ. ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ಗಿರವ್ವನಿಗೆ ಕತೆ ಹೇಳಲು ಬರುತ್ತಿರಲಿಲ್ಲ. ಅಪ್ಪ ಹೇಳುವಾಗ ಪಕ್ಕದಲ್ಲಿ ಕೂತು ಹೂಂಗುಟ್ಟುವುದಷ್ಟೇ ಅವಳ ಕೆಲಸ. ಕೇಳುವವರು ಹೂಂ ಅನ್ನದೆ ಕತೆ ಮುಂದೆ ಹೋಗಬಾರದೆಂಬುದು ಅವರ ಮನೆತನದ ಕಟ್ಟಳೆ. ಊರಿನವರು ಅವಳನ್ನು ‘ಹೂಂ ಗಿರವ್ವ’ ಎಂದು ಗೇಲಿ ಮಾಡುತ್ತಿದ್ದರು. ಪಾಪ, ಅವಳು ಅದಕ್ಕೂ ಹೂಂ ಅನ್ನುತ್ತಿದ್ದಳು.

ಅಂಥವಳು ಈಗ ಒಗಟು ಬಿಡಿಸುತ್ತೇನೆಂದು ಅರಸನ ಓಲಗಕ್ಕೆ ಬಂದು ನಿಂತಳು. ಅವಳಿಗಿಂತ ಮುಂದೆ ಇಬ್ಬರಿದ್ದರು.

“ಒಬ್ಬರ ಎದೆಯಲ್ಲಿ ನೋವು ಹುಟ್ಟುತ್ತದೆ. ಕಂಡು ಕೇಳದವರೂ ಅದನ್ನು ತಮ್ಮದೆಂದು ಬಾಯಲ್ಲಿಟ್ಟುಕೊಂಡು ಸಿಹಿ ಎನ್ನುತ್ತಾರೆ. ಅದೇನು?” ಎಂದ ಅರಸ.

ಪಾಳೆಯಗಾರನ ಮಗ ಮೀಸೆ ತಿರುವಿ, “ಜೇನುತುಪ್ಪ,” ಎಂದ. ಭಟರು ಅವನನ್ನು ಎಳೆದುಕೊಂಡು ಹೋದರು.

ಅವನ ಹಿಂದೆ ನಿಂತಿದ್ದ ಪಂಡಿತ, “ಹಾಡು,” ಎಂದು ಸರಿಯಾಗಿಯೇ ಹೇಳಿದ. ಅರಸ ಎರಡನೆಯದನ್ನು ಕೇಳಿದ: “ಎಲ್ಲರ ಕಣ್ಣೆದುರು ಒಬ್ಬ ಸಾಯುತ್ತಾನೆ. ಸತ್ತಿಲ್ಲವೆಂದು ಗೊತ್ತಿದ್ದೂ ಜನ ಅಳುತ್ತಾರೆ. ಆಮೇಲೆ ಅವನೆದ್ದು ಮುಖ ತೊಳೆದು ಊಟಕ್ಕೆ ಕೂತರೂ ಮೋಸವಾಯಿತೆಂದು ಯಾರೂ ಅನ್ನುವುದಿಲ್ಲ. ಇದು ಎಲ್ಲಿ?”

“ಕನಸಿನಲ್ಲಿ.”

“ಕನಸು ಕಾಣುವವನು ಒಬ್ಬನೇ. ನಾನು ಎಲ್ಲರ ಕಣ್ಣೆದುರು ಎಂದೆ,” ಎಂದ ಅರಸ. ಪಂಡಿತನ ಅಳು ಸೆರೆಮನೆಯ ತನಕ ಕೇಳಿಸಿತು.

ಗಿರವ್ವ ಮುಂದೆ ಬಂದಳು. “ಮೊದಲನೇದು ಹಾಡರಿ, ದೊರೆ. ಒಬ್ಬಾಕಿ ಸಂಕಟಕ್ಕ ಕಟ್ಟಿದ್ದನ್ನ ಊರ ಹೆಂಗಸರೆಲ್ಲ ಬೀಸೂಕಲ್ಲಿನ ಮುಂದ ಹಾಡತಾರ. ಎರಡನೇದು ಆಟ, ಬಣ್ಣ ಹಚ್ಚಿ ಕುಣಿಯೋ ನಾಟಕ. ಅಲ್ಲಿ ಸತ್ತಾಂವ ಸುಳ್ಳು, ನಾವು ಅತ್ತದ್ದು ಖರೆ.”

ಅರಸ ಸಿಂಹಾಸನದಿಂದ ಇಳಿದು ಅವಳ ಹತ್ತಿರ ಬಂದ. “ಇದು ಎಂದೂ ನಡೆದದ್ದಲ್ಲ. ಇದರೊಳಗಿನವರು ಯಾರೂ ಹುಟ್ಟಿದವರಲ್ಲ. ಆದರೂ ಇದು ನನ್ನ ಮಗನನ್ನು ಕೊಂದಿತು. ಏನದು?”

ಉತ್ತರ ಗಿರವ್ವನ ನಾಲಿಗೆಯ ತುದಿಯಲ್ಲೇ ಇತ್ತು. ‘ಕತೆ’ ಎಂದು ಹೇಳಿದರೆ ಅಪ್ಪನೇ ಕೊಲೆಗಾರನೆಂದು ಮಗಳೇ ಒಪ್ಪಿದಂತೆ; ಅನ್ನದಿದ್ದರೆ ಇಬ್ಬರ ತಲೆಯೂ ಹೋಗುತ್ತದೆ. ಅರಸ ಒಗಟು ಒಡ್ಡಿದ್ದೇ ಈ ಮಾತು ಯಾರ ಬಾಯಿಂದಾದರೂ ಬರಲೆಂದು. ಅವಳು ದಿಕ್ಕು ತೋಚದೆ ಕಣ್ಣು ಹೊರಳಿಸಿದಳು. ಗೋಡೆಯ ಮೇಲೆ ಅಪ್ಪನ ತಂಬೂರಿ ಧೂಳು ಹಿಡಿದು ತೂಗುತ್ತಿತ್ತು. ಅವರ ಮನೆತನದ ಇನ್ನೊಂದು ಕಟ್ಟಳೆಯಂತೆ, ಕತೆ ಅರ್ಧಕ್ಕೆ ನಿಂತರೆ, ಮುಗಿಸುವ ತನಕ ಕತೆಗಾರ ತನ್ನ ತಂಬೂರಿಯನ್ನು ಆ ಮನೆಯಲ್ಲೇ ಒತ್ತೆ ಇಡಬೇಕು.

“ಕತಿ, ದೊರೆ,” ಎಂದಳು. “ಆದ್ರ ಅರ್ಧ ಕತಿ. ವೀರ ಕತ್ತಿ ಹಿರಿದ ಅನ್ನೂತನಕ ಅಪ್ಪ ಹೇಳಿದ್ದ. ಅಷ್ಟರಾಗ ನೀವ ಕೈಯೆತ್ತಿ, ಸಾಕು, ದಂಡು ಹೊಂಟೈತಿ ಅಂದ್ರಿ. ಉಳಿದ ಅರ್ಧ ಸಣ್ಣ ದೊರೆ ಕೇಳಲೇ ಇಲ್ಲ. ಒತ್ತೆ ಇಟ್ಟ ತಂಬೂರಿ ಅಲ್ಲೇ ಐತಿ, ನೋಡ್ರಿ.”

ಅರಸ ತಂಬೂರಿಯ ಕಡೆ ನೋಡಿದ. ಅವಳ ಕಡೆ ತಿರುಗಿ, “ಏನು ಬೇಕೋ ಬೇಡು,” ಎಂದ.

“ಉಳಿದದ್ದನ್ನ ನೀವು ಕೇಳಬೇಕು. ಹೂಂ ನೀವ ಅನ್ನಬೇಕು.”

ಓಲಗದವರಿಗೆ ಈ ಹುಡುಗಿಗೆ ಹುಚ್ಚು ಹಿಡಿದಿದೆ ಅನ್ನಿಸಿತು. ಅಪ್ಪನ ಜೀವ ಕೇಳುವುದು ಬಿಟ್ಟು ಇದೇನು? ಆದರೂ ಅರಸ ಸಾತಪ್ಪನನ್ನು ಕರೆಸಿದ. ಸಾತಪ್ಪ ಮಗಳ ಮುಖ ನೋಡಿ, ತಂಬೂರಿಯ ಧೂಳು ಒರೆಸಿ, ಕತೆಯನ್ನು ನಿಂತಲ್ಲಿಂದಲೇ ಎತ್ತಿಕೊಂಡ.

“ದಂಡು ಹೋದ ದಾರಿ ನೋಡಿಕೋತ ವೀರನ ಅಪ್ಪ ಊರ ಅಗಸಿ ಬಾಗಿಲದಾಗ ನಿಂತಿದ್ದ.”

ರೂಢಿಯಂತೆ ಗಿರವ್ವನ ತುಟಿ ಬಿಚ್ಚಿತು. ಅವಳು ಸೆರಗು ಬಾಯಿಗೆ ಒತ್ತಿ ಹಿಡಿದಳು.

“ಹೂಂ,” ಎಂದ ಅರಸ.

“ಕುದುರಿ ಒಂದ ಬಂತು. ಬೆನ್ನ ಮ್ಯಾಲಿನ ಜೀನು ಬರಿದಿತ್ತು.”

ಸಾತಪ್ಪ ಕಾದ.

“ಹೂಂ.” ಅರಸನ ದನಿ ಒಡೆದಿತ್ತು.

“ಅಪ್ಪ ಕುದುರಿ ಕೊರಳು ತಬ್ಬಿಕೊಂಡು, ಕಳಿಸಿದಾಂವ ನಾನ, ಅಂದ.”

ಮೂರನೆಯ ಹೂಂ ಬರಲಿಲ್ಲ. ಮಲ್ಲಿದೇವ ಅರಸ ಎಲ್ಲರೆದುರು ನೆಲಕ್ಕೆ ಕುಸಿದು, ಮಗನ ಹೆಸರು ಹಿಡಿದು ಗೋಳೋ ಎಂದು ಅತ್ತ.

ಅತ್ತು ಮುಗಿದ ಮೇಲೆ ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ, ಗಿರವ್ವನಿಗೆ ಹೊಲ ಮನೆ ಕೊಟ್ಟ. ಅವಳಿಗೆ ಅಪ್ಪ ಸಿಕ್ಕಿದ, ಅರಸನಿಗೆ ಮಗ ಸಿಗಲಿಲ್ಲ. ಆದರೆ ಆ ಸೀಮೆಯಲ್ಲಿ ಯಾರು ಎಲ್ಲಿ ಕತೆ ತೆಗೆದರೂ ಅರಸ ಬಂದು ಕೂರುತ್ತಿದ್ದನಂತೆ, ಕೊನೆಯ ತನಕ ಹೂಂಗುಟ್ಟಿ ಎದ್ದು ಹೋಗುತ್ತಿದ್ದನಂತೆ.