ನಾಲ್ಕೂವರೆ ಮೊಳದ ಗೃಹಪ್ರವೇಶ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದೊಡ್ಡಮ್ಮ ಹೊನ್ನಮ್ಮನವರು. ಸಂಜೆ ದೇವರಿಗೆ ದೀಪ ಹಚ್ಚಿ, ಕೈಮುಗಿದು, ಆಮೇಲೆ ಶುರುಮಾಡುತ್ತಿದ್ದರು. ನಾವು ನಕ್ಕರೂ ಅವರು ನಗುತ್ತಿರಲಿಲ್ಲ.

ಒಂದಾನೊಂದು ಊರಿನಲ್ಲಿ ಅಳತೆರಾಯನೆಂಬ ಅರಸನಿದ್ದ. ಸೂರಿಲ್ಲದವರನ್ನು ಕಂಡರೆ ಅವನಿಗೆ ಬಲು ಮರುಕ. ಒಂದು ದಿನ ಮಲಗಿದ್ದಾಗ ತನ್ನನ್ನೇ ಅಳೆಸಿದ. ಉದ್ದ ನಾಲ್ಕು ಮೊಳ, ಅಗಲ ಒಂದೂವರೆ ಮೊಳ. "ಅರಸನಿಗೇ ಇಷ್ಟು ಸಾಕಾದರೆ ಪ್ರಜೆಗೆ ಇನ್ನೆಷ್ಟು ಬೇಕು?" ಅಂದ. ಉದ್ದಕ್ಕರ್ಧ, ಅಗಲಕ್ಕರ್ಧ ಮೊಳ ಧರ್ಮಕ್ಕೆಂದು ಸೇರಿಸಿ, ಸಾಲುಮನೆ ಕಟ್ಟಿಸಿದ. ಒಂದು ಹೊರೆ ಸೌದೆ ಕೊಟ್ಟವರಿಗೆ ಒಂದು ಮನೆ. ಆಮೇಲೆ ಡಂಗುರ ಹೊಡೆಸಿದ: "ಇನ್ನು ಮನೆಯಿಲ್ಲವೆಂಬ ಮಾತಿಲ್ಲ. ಸೂರಿನಡಿ ಹುಟ್ಟದ ಮಗು ನಮ್ಮ ಪ್ರಜೆಯಲ್ಲ. ಅದನ್ನು ಗಡಿಯಾಚೆ ಬಿಟ್ಟುಬರತಕ್ಕದ್ದು."

ಚಾಪೆ ಹೆಣೆಯುವ ಸಾಕವ್ವನಿಗೆ ಆಗ ತುಂಬಿದ ತಿಂಗಳು. ಮರದಡಿಯಲ್ಲಿ ಎರಡು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟವಳು. ಇದೊಂದಾದರೂ ಉಳಿಯಲಿ ಎಂದು ಬಸುರಿಯೇ ಸೌದೆ ಹೊತ್ತಳು. ಮನೆ ಸಿಕ್ಕಿತು.

ಹೊಸಮನೆಗೆ ಮೊದಲು ಹಸು ಕಾಲಿಡಬೇಕಲ್ಲ? ಗಂಡ ಚೌಡಯ್ಯ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಹೊಡೆದ. ಹಸು ಹೊಕ್ಕಿತು. ಮನೆ ತುಂಬಿತು. ತಿರುಗಲು ಜಾಗವಿಲ್ಲ. ಬಾಲ ಮಾತ್ರ ಬಾಗಿಲಾಚೆ.

"ಹಿಂದಕ್ಕೆ ಎಳೀರಿ ಅಂದ್ರೆ" ಅಂದಳು ಸಾಕವ್ವ.

ಪೂಜೆಗೆ ಬಂದಿದ್ದ ಐನೋರು ಗದರಿಸಿದರು. "ಬಾಯಿ ಮುಚ್ಚೇ! ಒಳಗೆ ಬಂದ ಲಕ್ಷ್ಮಿಯನ್ನು ಹಿಮ್ಮುಖ ಎಳೀತಾರೇನು? ಅವಳಾಗಿ ಮುಖ ತಿರುಗಿಸಿ ಬರಬೇಕು."

"ಹಾಗಾದರೆ ಗೋಡೆ ಒಡೀತೀನಿ" ಅಂದ ಚೌಡಯ್ಯ.

"ಒಡಿಯಪ್ಪ. ಮೂರು ಗೋಡೆಯದನ್ನು ಮನೆ ಅನ್ನೋರು ಯಾರು? ಸೂರೂ ಹೋಯಿತು, ಸೌದೆಯೂ ಹೋಯಿತು."

ಸಾಲಿನಲ್ಲಿ ಎಲ್ಲರ ಮನೆಯದೂ ಇದೇ ಕತೆ. ಎಲ್ಲರೂ ಆಚಾರವಂತರು. ಬಾಗಿಲಿಗೊಂದು ಬಾಲ, ಬಾಲದ ಕೆಳಗೆ ಚಾಪೆ, ಚಾಪೆಯ ಮೇಲೆ ಮನೆಯೊಡೆಯರು. ಅರಸನ ಸವಾರಿ ಬಂತು. ಬಾಲಗಳನ್ನು ನೋಡಿ ಹಿಗ್ಗಿದ. "ಒಂದು ಮನೆಯೂ ಖಾಲಿಯಿಲ್ಲ! ಇನ್ನೂ ನೂರು ಕಟ್ಟಿಸಿ!" ಕಟ್ಟಿಸಿದರು. ನೂರು ಹಸು ಹೊಕ್ಕವು.

ಒಂದು ನಡುಮಧ್ಯಾಹ್ನ ಸಾಕವ್ವನಿಗೆ ನೋವು ಕಾಣಿಸಿತು. ಕೈಯೂರಿ, ಮಂಡಿಯೂರಿ, ಹಸುವಿನ ಕಾಲುಗಳ ನಡುವೆ ತೆವಳಿ ಒಳಗೆ ಹೋದಳು. ಹಸು ಒದೆಯಲಿಲ್ಲ. ಅದರ ಹೊಟ್ಟೆಯ ಕೆಳಗೇ ಹೆಣ್ಣುಮಗು ಹುಟ್ಟಿತು. ಅತ್ತಿತು. ಉಳಿಯಿತು.

ಸೂರು ನೋಡುವ ಪಾರುಪತ್ತೇಗಾರ ಬಂದ. ಪ್ರಜೆಯಾದರೆ ಸೊಂಟಕ್ಕೆ ಅರಮನೆಯ ಉಡಿದಾರ ಕಟ್ಟುವುದು ಅವನ ಕೆಲಸ. ಬಗ್ಗಿ ಹೊಸ್ತಿಲನ್ನು ಕೇಳಿದ.

"ಹೊಸ್ತಿಲೇ ಹೊಸ್ತಿಲೇ, ನಿನ್ನನ್ನು ದಾಟಿದವರು ಯಾರು?"

ಹೊಸ್ತಿಲು ಸುಳ್ಳಾಡದು. "ಇಬ್ಬರು ಸ್ವಾಮಿ. ಇಬ್ಬರೂ ನಾಲ್ಕು ಕಾಲಲ್ಲಿ ಬಂದರು."

"ಹುಟ್ಟಿದ್ದೆಲ್ಲಿ?"

"ಕೆಚ್ಚಲ ಪಕ್ಕದಲ್ಲಿ."

"ಹಾಗಾದರೆ ಕರು" ಅಂದ ಪಾರುಪತ್ತೇಗಾರ. ಉಡಿದಾರವನ್ನು ಚೀಲಕ್ಕೆ ಹಾಕಿ ಕರು ಕಟ್ಟುವ ಕಣ್ಣಿ ತೆಗೆದ.

"ಅಯ್ಯೋ ಬುದ್ಧಿ, ಬೆರಳು ನೋಡಿ! ಮೂಗು ನೋಡಿ, ನಮ್ಮತ್ತೆಯದೇ ಮೂಗು!"

"ಮೂಗು ನೋಡೋದು ನನ್ನ ಕೆಲಸವಲ್ಲಮ್ಮ. ಸೂರಿನಡಿ ಹುಟ್ಟಿದೆ, ಸೂರಿನಡಿ ಇರಲಿ. ಹೊರಗೆ ತಂದರೆ ಗಡಿಯಾಚೆಗೇ."

ಸಾಕವ್ವ ಮತ್ತೆ ಕೈಯೂರಿ ಮಂಡಿಯೂರಿದಳು. "ಕರುವೇ ಆಗಲಿ. ನಾನೂ ನಾಲ್ಕು ಕಾಲಲ್ಲಿ ಬಂದವಳು. ನಾನೂ ಹಸುವೇ. ಒಳಗೇ ಇರ್ತೀನಿ ಬುದ್ಧಿ."

ಪಾರುಪತ್ತೇಗಾರ ಮೊಳ ಹಾಕಿ ಅಳೆದ. ಇನ್ನೊಮ್ಮೆ ಅಳೆದ. "ಒಂದು ಹಸು, ಒಂದು ಕರು. ಎರಡನೇ ಹಸುವಿಗೆ ಜಾಗ ಎಲ್ಲಿದೆ? ಏಳು."

ಮಗುವಿನ ಕೊರಳಿಗೆ ಕಣ್ಣಿ ಬಿತ್ತು. ಸಾಕವ್ವ ಹೊರಗೆ ಬಂದಳು. ಹಸು ಮಗುವನ್ನು ನೆಕ್ಕಿತು, ಹಾಲೂಡಿಸಿತು. ಸಾಕವ್ವ ದಿನವೂ ಎಳೆಹುಲ್ಲು ಕೊಯ್ದು ತಂದು ಹಸುವಿನ ಕಾಲ ಸಂದಿಯಿಂದ ಒಳಗೆ ನೂಕುತ್ತಿದ್ದಳು. ಏಳನೆಯ ತಿಂಗಳು ಒಳಗಿನಿಂದ ಒಂದು ಪುಟ್ಟ ಕೈ ಬಂದು ಆ ಹುಲ್ಲನ್ನು ತೆಗೆದುಕೊಂಡಿತು.

ಇದರ ನೀತಿ: ದೇವರ ದಯೆಯಿದ್ದರೆ ಎಷ್ಟು ಚಿಕ್ಕ ಮನೆಯೂ ತುಂಬಿರುತ್ತದೆ.

ಕೇಳಿದವರು ಈ ಕತೆಯನ್ನು ನಿಮ್ಮೊಳಗೇ ಇಟ್ಟುಕೊಳ್ಳಬೇಡಿ, ಜಾಗ ಸಾಲದು. ನಾಳೆ ದೀಪ ಹಚ್ಚಿದ ಮೇಲೆ ಇನ್ನೊಬ್ಬರಿಗೆ ದಾಟಿಸಿ.