ವಿಜ್ಞಾನಿಯ ದೇವರು, ದಸ್ತಗೀರನ ಚಂದ್ರ

ಭೀಮಾ ನದಿಯ ದಂಡೆಯ ಗುಡ್ಡದ ಮೇಲೆ ಉಸ್ತಾದ್ ಮೌಲಾಲಿ ಪಡುವಣಕ್ಕೆ ಮುಖ ಮಾಡಿ ಚಾಪೆಯ ಮೇಲೆ ಕೂತಿದ್ದರು. ಈ ಸಂಜೆ ರಂಜಾನಿನ ಚಂದ್ರ ಕಂಡರೆ ನಾಳೆಯಿಂದ ಉಪವಾಸ. ಕಂಡೆವೆಂದು ಬಂದವರ ಸಾಕ್ಷಿ ಕೇಳಿ ಊರಿಗೆ ಸಾರುವುದು ಅವರ ಕೆಲಸ.

ಶಿಷ್ಯ ದಸ್ತಗೀರ ಗಂಟುಮೂಟೆ ಕಟ್ಟಿಕೊಂಡೇ ಬಂದ.

"ಉಸ್ತಾದರ, ನಾ ಹೊಂಟೆ. ಶುಕ್ರವಾರದಿಂದ ನಂಗ ನಮಾಜ್ ಮಾಡಾಕ ಆಗವಲ್ದು."

"ಯಾಕಪಾ, ಏನಾತು?"

ಅವನು ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದ. ನಕ್ಷತ್ರಗಳ ಬೆಳಕನ್ನು ಅಳೆದು ಜಗತ್ತಿಗೆಲ್ಲ ಹೆಸರಾದ ವಿಜ್ಞಾನಿಯೊಬ್ಬರನ್ನು ಈ ಹುಡುಗ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ. 'ದೇವರು ಒಬ್ಬನೇ ಎಂಬ ಇಸ್ಲಾಮಿನ ಮಾತು ನನಗೆ ಹಿಡಿಸುತ್ತದೆ' ಎಂದು ಅವರು ಬರೆದದ್ದನ್ನು ಓದಿದ ದಿನವಂತೂ, ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

"ಈಗ ನೋಡ್ರಿ. ಆ ದೇವರು ಯಾರ ಪ್ರಾರ್ಥನಾನೂ ಕೇಳೂದಿಲ್ಲ ಅಂತ ಅವರೇ ಬರದಾರ. ಅಷ್ಟು ದೊಡ್ಡವರು! ಅವರು ದೇವರನ್ನ ನಂಬ್ತಾರೋ ಇಲ್ಲೋ, ಹೇಳ್ರಿ."

ಉಸ್ತಾದರು ಬಾಯಿ ತೆರೆಯುವಷ್ಟರಲ್ಲಿ ಊರಿನವನೊಬ್ಬ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ.

"ಚಂದ್ರ ಕಂಡೈತ್ರಿ! ಸಾರಿಬಿಡ್ರಿ!"

"ನೀ ನೋಡಿದೇನು?"

"ನಾ ಅಲ್ರಿ. ನಮ್ಮ ಡಾಕ್ಟರ್ ಸಾಹೇಬರು ನೋಡ್ಯಾರಂತ. ಅವರು ಸುಳ್ಳು ಹೇಳ್ತಾರೇನ್ರಿ?"

"ಹೇಳೂದಿಲ್ಲ. ಅವರನ್ನ ಕರಕೊಂಡು ಬಾ."

ಬಂದವನು ಗೊಣಗುತ್ತ ಇಳಿದುಹೋದ. ದಸ್ತಗೀರನಿಗೆ ನಗು ತಡೆಯಲಾಗಲಿಲ್ಲ.

"ಮಂದಿ ಕಣ್ಣಿಲೆ ನೋಡಿ ಬಂದಿದ್ದ, ಪಾಪ," ಎಂದ.

ಅಂದವನೇ ಕೈಯಲ್ಲಿದ್ದ ತುಣುಕನ್ನು ನೋಡಿಕೊಂಡ. ಅವನ ಮುಖ ಸಪ್ಪಗಾಯಿತು. ನಾಚಿಕೆಯೂ ಆಯಿತು.

"ಆ ವಿಜ್ಞಾನಿ ತಾವು ಕಂಡದ್ದು ಹೇಳ್ಯಾರ," ಎಂದರು ಉಸ್ತಾದರು. "ನಿನಗೇನು ಕಂಡೈತಿ?"

ದಸ್ತಗೀರ ಬಹಳ ಹೊತ್ತು ಪಡುವಣವನ್ನೇ ನೋಡಿದ. ಮೋಡದ ಅಂಚು ಕೆಂಪಗಿತ್ತು, ಅಷ್ಟೇ.

"ಏನೂ ಕಂಡಿಲ್ರಿ."

ಉಸ್ತಾದರು ಸರಿದು ಕೂತು ಅವನಿಗೆ ಜಾಗ ಮಾಡಿಕೊಟ್ಟರು.

"ಕಾಣಲಿಲ್ಲಂದ್ರ ಇನ್ನೊಂದು ದಿನ ಕಾಯ್ತೀವಿ, ದಸ್ತಗೀರಾ. ಚಂದ್ರನೇ ಇಲ್ಲ ಅಂತ ಯಾರೂ ಸಾರೂದಿಲ್ಲ."